ಮೂರನೆಯ ತೊಟ್ಟಿ ಕ್ಲಿಯರ್

ಶ್ರೀಯಾಳ ಇಂಗ್ಲಿಷ್ ಟೀಚರು ಶುಕ್ರವಾರ ಒಂದು ಪದ ಕೊಟ್ಟು ಕಳಿಸಿದ್ದರು. ಎಂಟು ವಾಕ್ಯ ಬರೆಯಬೇಕು. ಎಂಟರಲ್ಲೂ ಪದ ಅದೇ ಇರಬೇಕು, ಅರ್ಥ ಮಾತ್ರ ಬೇರೆ ಬೇರೆಯಾಗಿರಬೇಕು. ಪದ ‘ಕ್ಲಿಯರ್’. ನೋಡಿದರೆ ಬಡಪಾಯಿ ಪದ. ಭಾನುವಾರ ತಿಂಡಿಗೆ ಮುಂಚೆ ಮುಗಿಸಿಬಿಡುತ್ತೇನೆಂದು ಹುಡುಗಿ ಕೂತಳು. ಆಕಾಶ ಕ್ಲಿಯರ್ ಆಗಿದೆ, ಪಾಠ ನನಗೆ ಕ್ಲಿಯರ್ ಆಯಿತು, ಅಮ್ಮ ಮೇಜನ್ನು ಕ್ಲಿಯರ್ ಮಾಡಿದಳು, ಕುದುರೆ ಬೇಲಿಯನ್ನು ಕ್ಲಿಯರ್ ಮಾಡಿತು, ರಸ್ತೆ ಕ್ಲಿಯರ್ ಆಗಿದೆ, ಪಕ್ಕದ ಮನೆಯ ಅಕ್ಕ ಪರೀಕ್ಷೆ ಕ್ಲಿಯರ್ ಮಾಡಿದಳು. ಆರು ಆಯಿತು. ಏಳನೆಯದಕ್ಕೆ ತಡವರಿಸಿ, ಪೆನ್ಸಿಲಿನ ತುದಿ ಕಚ್ಚುತ್ತ ಅತ್ತೆಯ ಬಳಿ ಬಂದಳು.

ಅತ್ತೆ ಎಂದರೆ ಸುಮೇಧಾ. ತ್ರಿಪ್ಲಿಕೇನಿನ ಆ ಮಾಳಿಗೆ ಮನೆಯಲ್ಲಿ ಅಪ್ಪ, ಅಣ್ಣ, ಅತ್ತಿಗೆ, ಶ್ರೀಯಾ ಮತ್ತು ಅವಳು. ಕೆಳಗಿನ ಮೆಸ್ಸಿನ ಸಾರಿನ ಒಗ್ಗರಣೆ ಮೇಲೇರಿ ಬಂದರೆ ಇವರ ಮನೆಯಲ್ಲಿ ಗಂಟೆ ಎಂಟಾಯಿತೆಂದು ಲೆಕ್ಕ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಎರಡು ವರ್ಷ ಕೆಲಸ ಹುಡುಕಿದ ಮೇಲೆ, ಹೋದ ವರ್ಷ ಮಾರ್ಚಿನಲ್ಲಿ, ಕ್ರೋಂಪೇಟೆಯ ಒಂದು ಚರ್ಮದ ಕಾರ್ಖಾನೆಯಲ್ಲಿ ಅವಳಿಗೆ ಕೆಮಿಸ್ಟ್ ಹುದ್ದೆ ಸಿಕ್ಕಿತ್ತು. ಹೊರಗೆ ಬಿಡುವ ಕೊಳೆನೀರನ್ನು ಪರೀಕ್ಷೆ ಮಾಡುವ ಕೆಲಸ. ಅಷ್ಟಕ್ಕೇ ಮನೆಯಲ್ಲಿ ಅವಳು ‘ಸೈಂಟಿಸ್ಟ್ ಅತ್ತೆ’.

“ನೀರು ಕ್ಲಿಯರ್ ಆಗಿದೆ ಅಂತ ಬರಿ,” ಎಂದಳು ಪೇಪರು ಓದುತ್ತಲೇ. “ಗ್ಲಾಸಿನಲ್ಲಿ ಹಿಡಿದ್ರೆ ಆಚೆ ಕಡೆ ಇರೋದು ಕಾಣಬೇಕು. ಅದು ಕ್ಲಿಯರ್.”

ಶ್ರೀಯಾ ಬರೆದುಕೊಂಡಳು. ಇನ್ನೊಂದು ಬಾಕಿ. ಹುರುಳಿಕಾಯಿಯ ನಾರು ಬಿಡಿಸುತ್ತ ಕೂತಿದ್ದ ಸುಮೇಧಾಳ ಅಪ್ಪ ತಿರುಮಲರಾಯರು, ಇಷ್ಟು ಹೊತ್ತು ತನ್ನನ್ನು ಯಾರೂ ಕೇಳಲಿಲ್ಲವೆಂಬ ಸಣ್ಣ ಮುನಿಸಿನಲ್ಲಿ, ‘ಲೈನ್ ಕ್ಲಿಯರ್’ ಬರಿ ಎಂದರು. ಮೂವತ್ತಾರು ವರ್ಷ ರೈಲ್ವೆಯಲ್ಲಿದ್ದು, ಜೋಲಾರಪೇಟೆ, ಅರಕ್ಕೋಣಂ ಎಂದು ಸ್ಟೇಷನ್ನಿಂದ ಸ್ಟೇಷನ್ನಿಗೆ ಸುತ್ತಿ ನಿವೃತ್ತರಾದವರು.

“ಅದು ಬರೆದಾಚ್ಚು ತಾತಾ,” ಎಂದಳು ಶ್ರೀಯಾ, ಶಾಲೆಯ ತಮಿಳು ಬೆರೆಸಿ. “ರೋಡ್ ಈಸ್ ಕ್ಲಿಯರ್. ಅದೇ ದಾನೇ ಇದು?”

“ಅದಲ್ಲಮ್ಮ. ರೋಡ್ ಕ್ಲಿಯರ್ ಅಂದ್ರೆ ದಾರಿಗೆ ಅಡ್ಡ ಏನೂ ಇಲ್ಲ ಅಂತ. ಲೈನ್ ಕ್ಲಿಯರ್ ಒಂದು ಮಾತು. ಮುಂದಿನ ಸ್ಟೇಷನ್ನೋನು ‘ಕಳ್ಸು, ನಾನಿದ್ದೀನಿ’ ಅಂತ ಕೊಡೋ ಮಾತು. ಆ ಮಾತಿಲ್ಲದೆ ಹಳಿ ಕನ್ನಡಿ ಹಾಗೆ ಹೊಳೀತಿದ್ರೂ ಗಾಡಿ ಬಿಡೋ ಹಾಗಿಲ್ಲ. ಮಾತು ಸಿಕ್ಕಿತೋ, ಡ್ರೈವರ್ರು ಕಣ್ಣುಮುಚ್ಚಿ ಹೊರಡ್ತಾನೆ.”

ಶ್ರೀಯಾ ಅರೆಮನಸ್ಸಿನಿಂದ ಎಂಟನೆಯ ವಾಕ್ಯ ಬರೆದು, ಸ್ಪೆಲ್ಲಿಂಗ್ ನೋಡು ಎಂದು ಪುಸ್ತಕವನ್ನು ಅತ್ತೆಯ ಮುಖದ ಮುಂದೆ ಹಿಡಿದಳು. ಏಳನೆಯ ಸಾಲಿನಲ್ಲಿ ನೀರು ಕ್ಲಿಯರ್ ಆಗಿತ್ತು. ಎಂಟನೆಯದರಲ್ಲಿ, ಡ್ರೈವರಿಗೆ ಕ್ಲಿಯರ್ ಸಿಕ್ಕಿತ್ತು. ಎರಡೂ ಒಂದೇ ಗುಂಡು ಅಕ್ಷರದಲ್ಲಿ ಒಂದರ ಕೆಳಗೊಂದು ಕೂತಿದ್ದವು. ಸುಮೇಧಾ ಸ್ಪೆಲ್ಲಿಂಗ್ ನೋಡಿದಳು, ನೋಡುತ್ತಲೇ ಇದ್ದಳು. ಅತ್ತೆ ಏಕೆ ಪುಸ್ತಕ ವಾಪಸು ಕೊಡುತ್ತಿಲ್ಲವೆಂದು ಹುಡುಗಿಗೆ ತಿಳಿಯಲಿಲ್ಲ.

ಕಾರ್ಖಾನೆಯ ಹಿತ್ತಲಲ್ಲಿ ಮೂರು ತೊಟ್ಟಿಗಳಿವೆ. ಮೂರನೆಯದು ಹತ್ತಡಿ ಆಳದ ಸಿಮೆಂಟಿನ ತೊಟ್ಟಿ. ತೊಗಲಿನ ಕೂದಲು ಕಳಚಲು ಸುಣ್ಣ, ಸಲ್ಫೈಡ್ ಹಾಕಿದ ನೀರು ಒಂದು ಕಡೆಯಿಂದ, ಹದ ಮಾಡುವ ಡ್ರಮ್ಮುಗಳ ಆಮ್ಲದ ನೀರು ಇನ್ನೊಂದು ಕಡೆಯಿಂದ ಬಂದು ಅದರಲ್ಲಿ ಕೂಡುತ್ತವೆ. ಪಟಿಕ ಹಾಕಿ ಬಿಟ್ಟರೆ ರಾಡಿ ತಳಕ್ಕೆ ಇಳಿದು ಮೇಲೆ ನೀರು ತಿಳಿಯಾಗುತ್ತದೆ. ತಿಂಗಳ ಕೊನೆಯ ಶನಿವಾರ ಸುಮೇಧಾ ಆ ನೀರನ್ನು ಗಾಜಿನ ಜಾಡಿಯಲ್ಲಿ ಹಿಡಿದು, ಬೆಳಕಿಗೆ ಎತ್ತಿ ನೋಡಿ, ಮೀಟರಿಗೂ ಹಾಕಿ ಅಳೆದು, ರಿಜಿಸ್ಟರಿನಲ್ಲಿ ‘ಮೂರನೆಯ ತೊಟ್ಟಿ: ಕ್ಲಿಯರ್’ ಎಂದು ಬರೆದು ಸಹಿ ಮಾಡುವಳು. ನೀರು ತಿಳಿಯಾಗಿದೆ, ಪಂಪು ಮಾಡಿ ಹೊರಗೆ ಕಳಿಸಬಹುದು ಎಂಬುದು ಅವಳ ಅರ್ಥ. ಸಂಜೆ ಸೂಪರ್‌ವೈಸರ್ ಚಂದ್ರಶೇಖರ ಒಳಗಿನ ಫೋನಿನಲ್ಲಿ ಕೇಳುತ್ತಿದ್ದ: “ಮೂರನೇದು ಕ್ಲಿಯರ್ ದಾನೇ ಮೇಡಂ?” ಅವಳು “ಕ್ಲಿಯರ್” ಎನ್ನುತ್ತಿದ್ದಳು. ಆತ ಥ್ಯಾಂಕ್ಸ್ ಹೇಳಿ ಇಡುತ್ತಿದ್ದ. ಇಷ್ಟೇ ಮಾತುಕತೆ. ನಿನ್ನೆ ಸಂಜೆಯೂ ಇಷ್ಟೇ ನಡೆದಿತ್ತು.

ಭಾನುವಾರ ತೊಟ್ಟಿಯ ತಳದ ರಾಡಿ ತೆಗೆಯುತ್ತಾರೆಂದು ಅವಳಿಗೆ ಗೊತ್ತಿತ್ತು. ಹೇಗೆ ತೆಗೆಯುತ್ತಾರೆಂದು ಕೇಳಿರಲಿಲ್ಲ. ಲಾರಿ ಬಂದು ಕೊಳವೆ ಇಳಿಸಿ ಹೀರಿಕೊಂಡು ಹೋಗುತ್ತದೆ ಎಂದು, ಯಾರೂ ಹೇಳದಿದ್ದರೂ, ತಾನೇ ಅಂದುಕೊಂಡಿದ್ದಳು. ಸೋಮವಾರ ಬಂದಾಗ ತೊಟ್ಟಿ ಶುಭ್ರವಾಗಿರುತ್ತಿತ್ತು. ಪಕ್ಕದ ಗೋಡೆಗೆ ಬಿದಿರಿನ ಏಣಿಯೊಂದು ಒರಗಿರುತ್ತಿತ್ತು, ಅದರ ಕೆಳಗಿನ ನಾಲ್ಕೈದು ಮೆಟ್ಟಿಲಿಗೆ ಬೂದುಬಣ್ಣದ ರಾಡಿ ಒಣಗಿ ಹತ್ತಿರುತ್ತಿತ್ತು. ಲಾರಿಗೆ ಏಣಿ ಏಕೆ ಎಂದು ಹನ್ನೊಂದು ತಿಂಗಳಲ್ಲಿ ಒಂದು ದಿನವೂ ಅವಳಿಗೆ ಅನ್ನಿಸಿರಲಿಲ್ಲ. ಚಂದ್ರಶೇಖರನ ಮೇಜಿನ ಮೇಲೆ ಗುಲಾಬಿ ಬಣ್ಣದ ಚೀಟಿಗಳ ಒಂದು ಕಟ್ಟಿರುತ್ತಿತ್ತು. ಅದರಲ್ಲಿ ‘ಕೆಮಿಸ್ಟ್ ಕ್ಲಿಯರೆನ್ಸ್’ ಎಂದು ಅಚ್ಚಾಗಿ ಮುಂದೆ ಚುಕ್ಕಿಗಳ ಸಾಲಿತ್ತು. ನೀರು ಕಳಿಸುವ ಚೀಟಿ ಎಂದುಕೊಂಡಿದ್ದಳು. ನೀರಿಗೆ ಯಾರು ಚೀಟಿ ಬರೆಯುತ್ತಾರೆ? ಚೀಟಿ ಬರೆಯುವುದು ಏಣಿ ಇಳಿಯುವವರಿಗೆ.

ಗಡಿಯಾರದಲ್ಲಿ ಎಂಟೂ ನಲವತ್ತು. ಭಾನುವಾರದ ಕೆಲಸ ತಿಂಡಿ ಮುಗಿಸಿ ಹತ್ತಕ್ಕೆ ಶುರುವಾಗುತ್ತದೆ ಎಂದು ಯಾರೋ ಹೇಳಿದ್ದು ನೆನಪಿತ್ತು.

ಕಾರ್ಖಾನೆಗೆ ಮಾಡಿದ ಫೋನು ಬಹಳ ಹೊತ್ತು ಹೊಡೆದುಕೊಂಡ ಮೇಲೆ ಗೇಟಿನ ವಾಚ್‌ಮನ್ ಎತ್ತಿದ. ಸೂಪರ್‌ವೈಸರ್ ಸಾರ್ ಹಿಂದೆ ತೊಟ್ಟಿಯ ಹತ್ತಿರ ಇದ್ದಾರೆ ಎಂದ. ಸುಮೇಧಾ ತಮಿಳಿನಲ್ಲಿ ಬಿಡಿಸಿ ಹೇಳಿದಳು: ಈಗಲೇ ಓಡಿ ಹೋಗಿ ಹೇಳು, ಮೂರನೆಯ ತೊಟ್ಟಿ ಕ್ಲಿಯರ್ ಇಲ್ಲ, ಕೆಮಿಸ್ಟ್ ಮೇಡಂ ಹೇಳಿದರು ಎನ್ನು. ಅವನ ಚಪ್ಪಲಿಯ ಸದ್ದು ದೂರವಾಯಿತು. ಅವಳು ರಿಸೀವರನ್ನು ಕಿವಿಗೊತ್ತಿ ನಿಂತಳು. ಅಡುಗೆಮನೆಯಲ್ಲಿ ಅತ್ತಿಗೆ ದೋಸೆ ಹಾಕುತ್ತಿದ್ದಳು. ಐದು ನಿಮಿಷಕ್ಕೆ ವಾಚ್‌ಮನ್ ಏದುಸಿರು ಬಿಡುತ್ತ ವಾಪಸು ಬಂದ. ಸಾರ್ ತಾವೇ ಬಗ್ಗಿ ನೋಡಿದರಂತೆ. ನೀರು ಬಹಳ ಕ್ಲಿಯರ್ ಆಗಿದೆಯಂತೆ, ಮುಕ್ಕಾಲು ಪಂಪು ಮಾಡಿಯೂ ಆಯಿತಂತೆ. ಮೇಡಂ ಚಿಂತೆ ಮಾಡುವುದು ಬೇಡ ಎಂದರಂತೆ.

ಅವಳು ಇನ್ನೊಂದು ಸಲ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಕೆಲಸ ಮುಗಿಯಿತೆಂದು ಫೋನಿಟ್ಟಿದ್ದ. ಮತ್ತೆ ಮಾಡಿದಾಗ ಯಾರೂ ಎತ್ತಲಿಲ್ಲ.

ಅವಳು ಹೇಳಿದ್ದು ಆಳಿನ ಮಾತು, ಅಲ್ಲಿಗೆ ತಲುಪಿದ್ದು ನೀರಿನ ಮಾತು. ಹನ್ನೊಂದು ತಿಂಗಳು ಇದೇ ತಿರುಗುಮುರುಗಾಗಿ ನಡೆದಿತ್ತು. ಚೀಲಕ್ಕೆ ಲ್ಯಾಬಿನ ಬೀಗದಕೈ ಹಾಕಿಕೊಂಡು ಮೆಟ್ಟಿಲಿಳಿದಳು. ಎಲ್ಲಿಗೆ ಎಂದು ತಿರುಮಲರಾಯರು ಮೇಲಿನಿಂದ ಕೇಳಿದ್ದಕ್ಕೆ, “ಕ್ರೋಂಪೇಟೆಗೆ ಅಪ್ಪ, ಒಂದು ತಪ್ಪು ಬರೆದು ಬಂದಿದ್ದೀನಿ,” ಎಂದಳು. ಆಟೋದವನು ಎಗ್ಮೋರ್ ಸ್ಟೇಷನ್ನಿಗೆ ಕೇಳಿದಷ್ಟಕ್ಕೇ ಒಪ್ಪಿಕೊಂಡಳು.

ಭಾನುವಾರದ ಎಲೆಕ್ಟ್ರಿಕ್ ಟ್ರೈನು ಅರ್ಧ ಖಾಲಿ ಇತ್ತು. ಕಿಟಕಿಯ ಬಳಿ ಕೂತವಳಿಗೆ ನುಂಗಂಬಾಕ್ಕಂ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಅವಳು ಮನಸ್ಸಿನಲ್ಲೇ ಆ ತೊಟ್ಟಿಯನ್ನು ಮೊದಲ ಸಲ ನೀರನ್ನು ಬಿಟ್ಟು ನೋಡುತ್ತಿದ್ದಳು. ಸುಣ್ಣದ ನೀರಿನಲ್ಲಿರುವಷ್ಟು ಹೊತ್ತು ಸಲ್ಫೈಡ್ ಕಟ್ಟಿಹಾಕಿದ ನಾಯಿಯ ಹಾಗೆ ಸುಮ್ಮನಿರುತ್ತದೆ. ಆಮ್ಲ ತಾಗಿದರೆ ಬಿಡಿಸಿಕೊಂಡು ಅನಿಲವಾಗಿ ಏಳುತ್ತದೆ. ಅದು ಗಾಳಿಗಿಂತ ಭಾರ, ಗುಂಡಿಯಲ್ಲಿ ಹುಟ್ಟಿದರೆ ಗುಂಡಿಯಲ್ಲೇ ಮಲಗುತ್ತದೆ. ರಾಡಿಯನ್ನು ಕೆದಕಿದರೆ ಒಳಗೆ ಸಿಕ್ಕಿಕೊಂಡಿದ್ದದ್ದೂ ಹೊರಗೆ ಬರುತ್ತದೆ. ಇದನ್ನೆಲ್ಲ ಅವಳು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದಳು.

ಮಾಂಬಲದಲ್ಲಿ ರೈಲು ಸಿಗ್ನಲಿಗೆ ನಿಂತಾಗ ಅವಳಿಗೆ ಹೊಳೆದದ್ದು ಇನ್ನೂ ಕೆಟ್ಟದ್ದು. ರಾಡಿ ಚೆನ್ನಾಗಿ ಇಳಿಯಬೇಕಾದರೆ ನೀರಿನ ಕ್ಷಾರ ತಗ್ಗಬೇಕು. ಅದಕ್ಕೇ ಪಟಿಕ, ಅದಕ್ಕೇ ಆಮ್ಲದ ನೀರು. ಯಾವುದು ನೀರನ್ನು ತಿಳಿಯಾಗಿಸುತ್ತದೋ ಅದೇ ಅನಿಲವನ್ನು ಬಿಡುಗಡೆ ಮಾಡುತ್ತದೆ. ಅಂದರೆ ಅವಳ ಜಾಡಿಯಲ್ಲಿ ನೀರು ಎಷ್ಟು ತಿಳಿಯಾಗಿ ಕಂಡಿತ್ತೋ, ಕೆಳಗಿನ ಗಾಳಿ ಅಷ್ಟು ವಿಷವಾಗಿತ್ತು. ನಿನ್ನೆಯ ನೀರು ಅವಳು ನೋಡಿದ ಹನ್ನೆರಡು ಸಲದಲ್ಲೇ ಅತ್ಯಂತ ತಿಳಿಯಾಗಿತ್ತು. ಅಷ್ಟು ಚೆನ್ನಾಗಿ ಬಂದಿತಲ್ಲ ಎಂದು ಅವಳು ‘ಕ್ಲಿಯರ್’ ಪದಕ್ಕೆ ಮೊದಲು ‘ವೆರಿ’ ಸೇರಿಸಿ ಬರೆದಿದ್ದಳು.

ಕ್ರೋಂಪೇಟೆಯಲ್ಲಿ ಇಳಿದಾಗ ಒಂಬತ್ತೂ ಐವತ್ತೈದು. ದಿನಾ ಹತ್ತು ನಿಮಿಷ ನಡೆಯುತ್ತಿದ್ದ ದಾರಿಯನ್ನು ಓಡಿದಳು. ಲ್ಯಾಬಿನ ಬೀಗ ತೆಗೆದು, ಡ್ರಾಯರಿನಿಂದ ಲೆಡ್ ಅಸಿಟೇಟ್ ಕಾಗದದ ಡಬ್ಬಿ, ಪ್ಯಾಕಿಂಗಿನ ಹುರಿ ಹಗ್ಗದ ಉಂಡೆ ಎತ್ತಿಕೊಂಡಳು. ಅದು ಬಿಳಿ ಕಾಗದ. ಆ ಒಂದು ಅನಿಲ ತಾಗಿದರೆ ಕಪ್ಪಾಗುತ್ತದೆ. ಡಬ್ಬಿಯ ಸೀಲು ಒಡೆದಿರಲಿಲ್ಲ. ತೊಗಲು ನೆನೆಹಾಕುವ ಕಟ್ಟೆಗಳನ್ನು ದಾಟಿ ಹಿತ್ತಲಿಗೆ ತಿರುಗಿದಾಗ ಪಂಪು ಆಗಲೇ ನಿಂತಿತ್ತು. ಮೂವರು ಆಳುಗಳು ಬಕೆಟ್ಟು, ಹಗ್ಗ ಹಿಡಿದು ತೊಟ್ಟಿಯ ಅಂಚಿನಲ್ಲಿದ್ದರು. ನಾಲ್ಕನೆಯವನ ಎದೆಯಿಂದ ಮೇಲೆ ಮಾತ್ರ ಕಾಣುತ್ತಿತ್ತು. ಏಣಿಯ ಮೇಲಿದ್ದ.

ಅವನು ಮೋನಪ್ಪ. ಚಾಮರಾಜನಗರದ ಕಡೆಯವನು, ಇಪ್ಪತ್ತು ವರ್ಷದಿಂದ ಈ ತೊಗಲಿನ ಬೀದಿಯಲ್ಲೇ ಗುತ್ತಿಗೆ ಕೂಲಿ. ಕನ್ನಡದವಳೆಂದು ಗೊತ್ತಾದಾಗಿನಿಂದ ಅವಳನ್ನು ಕಂಡರೆ ನಿಂತು ಮಾತಾಡಿಸುತ್ತಿದ್ದ.

“ಮೋನಪ್ಪ, ಮೇಲೆ ಬಾ,” ಎಂದಳು. ಓಡಿಬಂದ ದಮ್ಮಿಗೆ ಸ್ವರ ಜೋರಾಗಿ ಹೊರಡಲಿಲ್ಲ. ಹತ್ತಿರ ಹೋಗಿ ಅವನ ರಟ್ಟೆಗೇ ಕೈಹಾಕಿದಳು. ಎಂದೂ ಹೀಗೆ ಮುಟ್ಟದ ಹೆಣ್ಣುಮಗಳು ಮುಟ್ಟಿದ್ದಕ್ಕೆ ಬೆಚ್ಚಿ ಅವನು ಎರಡು ಮೆಟ್ಟಿಲು ಹತ್ತಿದ, ಆಮೇಲೆ ಪೂರಾ ಮೇಲೆ ಬಂದ.

ನೆರಳಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಚಂದ್ರಶೇಖರ ಎದ್ದ. ಹೊಸೂರಿನವನು, ಇಸ್ತ್ರಿ ಮಾಡಿದ ಅಂಗಿ ಭಾನುವಾರವೂ ತಪ್ಪಿಸದ ಮನುಷ್ಯ. ಆಳುಗಳ ಎದುರು ತನ್ನ ಕೆಲಸ ನಿಲ್ಲಿಸಿದ್ದು ಆತನಿಗೆ ಸರಿಬರಲಿಲ್ಲ. ಆದರೂ ಮರ್ಯಾದೆಯಿಂದಲೇ ಕೇಳಿದ.

“ಏನ್ ಮೇಡಂ ಇದು? ಫೋನ್‌ನಲ್ಲೇ ಹೇಳಿ ಕಳಿಸಿದ್ನಲ್ಲ, ನೀರು ಕ್ಲಿಯರ್ರೇ ಇತ್ತು. ನೀವೂ ನಿನ್ನೆ ಕ್ಲಿಯರ್ ಅಂದ್ರಿ.”

“ನಾನು ಹೇಳಿದ್ದು ನೀರಿನ ವಿಷಯ.”

“ನಾನು ಕೇಳಿದ್ದು ಆಳಿನ ವಿಷಯ.”

ಚಂದ್ರಶೇಖರನ ಮುಖದಲ್ಲಿ ಅರ್ಥವಾಗತೊಡಗಿದ್ದು ಅವಳಿಗೆ ಕಂಡಿತು; ಅರ್ಥವಾಗುವುದು ಬೇಡವೆಂದು ಆತ ಅದನ್ನು ಹಿಂದಕ್ಕೆ ತಳ್ಳಿದ್ದೂ ಕಂಡಿತು. ವಾಸನೆ ಇದ್ದರೆ ತಾನೇ ಅಪಾಯ ಎಂದ. ಬೆಳಿಗ್ಗೆ ಪಂಪು ಶುರುಮಾಡಿದಾಗ ಕೊಳೆತ ಮೊಟ್ಟೆಯ ನಾತ ಇತ್ತು, ಈಗ ಅದೂ ಇಲ್ಲ, ಬೇಕಾದರೆ ಇವರನ್ನೇ ಕೇಳಿ ಎಂದ.

“ದಿಟ ಕನವ್ವ,” ಎಂದ ಮೋನಪ್ಪ. “ಏಣಿ ಇಳಿಸ್ವಾಗ ಮೂಗು ಹಿಡ್ಕಂಡು ನಿಂತಿದ್ದೊ. ನಾನು ಬಗ್ಗಿ ಎಲ್ಡು ಸಲ ಉಸಿರು ಎಳ್ದೆ, ಪಟ್ನೆ ಹೊಂಟೋಯ್ತು. ಏನೂ ಇಲ್ಲ ಈಗ.”

ಸ್ವಲ್ಪವಿದ್ದಾಗ ನಾರುತ್ತದೆ, ಹೆಚ್ಚಾದರೆ ಅದು ಮೊದಲು ಕೊಲ್ಲುವುದು ಮೂಗನ್ನು. ವಾಸನೆ ಹೋಗಿರಲಿಲ್ಲ, ಮೋನಪ್ಪನ ಮೂಗು ಹೋಗಿತ್ತು. ಸುಮೇಧಾ ಏನನ್ನೂ ವಿವರಿಸಲಿಲ್ಲ. ಬಿಳಿ ಕಾಗದವನ್ನು ಹನಿ ನೀರಿನಲ್ಲಿ ತೋಯಿಸಿ, ಹುರಿಯ ತುದಿಗೆ ಕಟ್ಟಿ, ಏಣಿಯ ಪಕ್ಕದಲ್ಲೇ ಇಳಿಬಿಟ್ಟಳು. ಮೋನಪ್ಪನ ಕಾಲು ಇದ್ದ ಮಟ್ಟ ದಾಟಿತು. ಅವನು ನಿಂತು ರಾಡಿ ತೋಡಬೇಕಾಗಿದ್ದ ಮಟ್ಟಕ್ಕೆ, ಅಂದಾಜು ಅವನ ಮುಖ ಇರುವ ಎತ್ತರಕ್ಕೆ, ಬಂದಾಗ ಹುರಿ ಹಿಡಿದಳು. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಬೇಕೆಂದಿದ್ದಳು.

ನಾಲ್ಕು ಎಣಿಸುವಷ್ಟರಲ್ಲಿ ಕೆಳಗೆ ಬಿಳಿ ಇರಲಿಲ್ಲ.

ಎಳೆದು ತೆಗೆದಾಗ ಕಾಗದ ಒಲೆಯಿಂದ ತೆಗೆದಂತೆ ಕಪ್ಪಾಗಿತ್ತು, ಸುಟ್ಟಿರಲಿಲ್ಲ ಅಷ್ಟೆ. ಅದನ್ನು ಅಂಗೈಯ ಮೇಲಿಟ್ಟು ತೋರಿಸಿದಳು. ಆಳುಗಳಲ್ಲಿ ಒಬ್ಬ ಬಕೆಟ್ಟನ್ನು ಸದ್ದಾಗದಂತೆ ನೆಲಕ್ಕಿಟ್ಟ. ಚಂದ್ರಶೇಖರ ತಾನೇ ಬಗ್ಗಿ ಏಣಿಯನ್ನು ಮೇಲೆಳೆದು ನೆಲದ ಮೇಲೆ ಮಲಗಿಸಿದ. ಅಂಗಿಯ ತೋಳಿಗೆ ರಾಡಿ ಹತ್ತಿದ್ದನ್ನು ನೋಡಿಕೊಳ್ಳಲಿಲ್ಲ.

“ನಿಮ್ಮ ಮಾತಿಲ್ದೆ ಒಂದ್ ಸಲಾನೂ ಆಳು ಇಳಿಸಿಲ್ಲ ಮೇಡಂ,” ಎಂದ. ದೂರುವ ದನಿ ಇರಲಿಲ್ಲ. ಲೆಕ್ಕ ಒಪ್ಪಿಸುವವನ ದನಿ. “ಜುಲೈನಲ್ಲಿ ನೀವು ಲೀವಲ್ಲಿದ್ರಿ. ಇವರು ಭಾನುವಾರ ಬಂದು ಕೂತಿದ್ರು, ವಾಪಸ್ ಕಳಿಸ್ದೆ. ಮಂಗಳವಾರ ನೀವು ಬಂದು ಕ್ಲಿಯರ್ ಅಂದ ಮೇಲೇ ಇಳಿಸಿದ್ದು.”

ಅದನ್ನು ರುಜುವಾತು ಮಾಡಲೆಂದೇ ಆತ ಗುಲಾಬಿ ಚೀಟಿಗಳ ಕಟ್ಟು ತಂದು ಅವಳ ಕೈಗಿಟ್ಟ. ಹನ್ನೆರಡು ಚೀಟಿ. ಎಲ್ಲದರಲ್ಲೂ ಚುಕ್ಕಿಯ ಸಾಲಿನ ಮೇಲೆ ಆತನ ಅಚ್ಚುಕಟ್ಟಾದ ಅಕ್ಷರದಲ್ಲಿ ಅವಳ ಪದ, ಅವಳ ಹೆಸರು. ಕೆಳಗೆ ಇಳಿದವರ ಹೆಸರುಗಳು, ಹೆಸರಿನ ಮುಂದೆ ಹೆಬ್ಬೆಟ್ಟು. ಇವತ್ತಿನದರಲ್ಲಿ ‘ವೆರಿ’ ಕೂಡ ತಪ್ಪದೆ ನಕಲಾಗಿತ್ತು. ಒಂದು ಸುಳ್ಳೂ ಇರಲಿಲ್ಲ ಅದರಲ್ಲಿ. ತಾನು ಬರೆಯುವ ರಿಜಿಸ್ಟರಿಗಿಂತ ಚೊಕ್ಕವಾಗಿದೆ ಎಂದು ಅವಳಿಗೆ ಅನ್ನಿಸಿತು.

ಒಂದೊಂದಾಗಿ ಹಿಂದಕ್ಕೆ ಮಗುಚಿದಳು. ಮಾರ್ಚಿನಿಂದ ಆಗಸ್ಟಿನವರೆಗೆ ಪ್ರತಿ ಚೀಟಿಯಲ್ಲೂ ಮೋನಪ್ಪನ ಹೆಸರಿನ ಜೊತೆ ಚಂದು ಎಂಬ ಹೆಸರಿತ್ತು. ಸೆಪ್ಟೆಂಬರಿನಿಂದ ಇರಲಿಲ್ಲ. ಚಂದು ಯಾರು ಎಂದು ಕೇಳಿದಳು. ಕೆಲಸ ಬಿಟ್ಟ ಎಂದ ಚಂದ್ರಶೇಖರ, ಬೇಗ. ಆಮೇಲೆ, ಬೆಳಿಗ್ಗೆಯೇ ಕುಡಿದು ಬಂದಿದ್ದ ಅವತ್ತು, ಎಂದು ಸೇರಿಸಿದ. ಮೋನಪ್ಪ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೊಡವಿದ.

“ಕುಡ್ದಿರ್ನಿಲ್ಲ ಸಾ,” ಎಂದ. “ಅವತ್ತೂ ಇಂಗೇ, ವಾಸ್ನೆ ಓಗಿತ್ತು. ನಾನು ಬಕೆಟ್ ತಕ್ಕಂಡು ಮೇಲಕ್ಕೆ ಅತ್ತುದ್ನಾ, ತಿರುಗಿ ನೋಡುದ್ರೆ ರಾಡಿ ಒಳಗೆ ಕುಂತವ್ನೆ. ಏಳ್ಲಾ ಚಂದು ಅಂದ್ರೆ ನಗ್ತಾವ್ನೆ. ಅಗ್ಗ ಆಕಿ ಎಳ್ದೊ. ಕುಡ್ದವ್ನೆ ಅಂತ ಅಂದ್ರು, ನಾವೂ ಸುಮ್ನಾದೊ.”

ಈಗ ಎಲ್ಲಿದ್ದಾನೆ ಎಂದು ಕೇಳಿದ್ದಕ್ಕೆ ಅವನು ಹೇಳಿದ: ಪಮ್ಮಲಿನಲ್ಲಿ, ಕೆರೆ ಏರಿಯ ಹಿಂದಿನ ಗುಡಿಸಲುಗಳಲ್ಲಿ. ಜೀವಕ್ಕೆ ಏನಿಲ್ಲ. ಊಟ ಮಾಡುತ್ತಾನೆ. ಕೈ ನಡುಗುತ್ತದೆ, ಸೊಂಟ ನಿಲ್ಲುವುದಿಲ್ಲ. ಹೆಂಡತಿಯ ಹೆಸರು ಒಂದು ದಿನ ನೆನಪಿರುತ್ತದೆ, ಇನ್ನೊಂದು ದಿನ ಇರುವುದಿಲ್ಲ. ಹೆಂಡತಿ ಚಿಕ್ಕತಾಯಮ್ಮ ನಾಲ್ಕು ಮನೆಯ ಪಾತ್ರೆ ತೊಳೆಯುತ್ತಾಳೆ. ಕುಡಿದು ಹಾಳಾದ ಎಂದು ಊರೆಲ್ಲ ಅಂದದ್ದಕ್ಕೆ ಅವಳೂ ಹಾಗೇ ನಂಬಿ ದಿನಾ ಬೈಯುತ್ತಾಳೆ.

ಸುಮೇಧಾ ಚೀಟಿಗಳ ಮೇಲೆ ಆ ಕಪ್ಪು ಕಾಗದ ಇಟ್ಟಿರಲಿಲ್ಲವಾದರೂ ಅವಳ ಬೆರಳಿನ ಕಪ್ಪು ಆಗಸ್ಟಿನ ಚೀಟಿಗೆ ಹತ್ತಿತ್ತು. ಲ್ಯಾಬಿನಿಂದ ರಿಜಿಸ್ಟರು ತರಿಸಿಕೊಂಡು ತೊಟ್ಟಿಯ ಕಟ್ಟೆಯ ಮೇಲೆಯೇ ಕೂತಳು. ತಪ್ಪು ಬರೆದರೆ ಅಳಿಸಬಾರದು, ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದು, ತಾರೀಖು ಹಾಕಿ ಸಹಿ ಮಾಡಬೇಕು. ಇದು ಕಾಲೇಜಿನಲ್ಲಿ ಅವಳಿಗೆ ಕಲಿಸಿದ್ದ ಮೊದಲ ಶಿಸ್ತು. ಹನ್ನೆರಡು ಕಡೆ ಗೆರೆ ಎಳೆದಳು. ಹನ್ನೆರಡು ಕಡೆಯೂ ಪಕ್ಕದಲ್ಲಿ ಬರೆದಳು: ನೀರನ್ನು ಮಾತ್ರ ನೋಡಲಾಗಿದೆ, ಗಾಳಿಯನ್ನು ಪರೀಕ್ಷಿಸಿಲ್ಲ. ಇಂದಿನಿಂದ ಮುಂದೆ ಸರಿ ಬರೆದರೆ ಸಾಲದೇ, ಹಳೆಯ ಪುಟಕ್ಕೆ ಏಕೆ ಕೈ ಹಾಕುತ್ತೀರಿ ಎಂದು ಚಂದ್ರಶೇಖರ ಮೆಲ್ಲಗೆ ಕೇಳಿದ. ನಾಳೆ ಮ್ಯಾನೇಜರು ನೋಡಿದರೆ ಮೊದಲು ಹೋಗುವುದು ನಿಮ್ಮ ಕೆಲಸ, ಎರಡನೆಯದು ನನ್ನದು ಎಂದ. ಸಿಟ್ಟಿನಿಂದ ಹೇಳಿದ್ದಲ್ಲ. ಆತನಿಗೂ ಮನೆಯಿತ್ತು, ಇಬ್ಬರು ಮಕ್ಕಳಿದ್ದರು. ಅವಳು ಹೌದೆಂದು ತಲೆಯಾಡಿಸಿ ಆಗಸ್ಟಿನ ಪುಟಕ್ಕೂ ಸಹಿ ಮಾಡಿದಳು.

ಆಮೇಲೆ ಎದ್ದು, ಪಮ್ಮಲಿಗೆ ದಾರಿ ತೋರಿಸುತ್ತೀಯಾ ಎಂದು ಮೋನಪ್ಪನನ್ನು ಕೇಳಿದಳು.

ಅವನು ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಅಂಗಿ ಹಾಕಿಕೊಂಡ. ರಸ್ತೆಗೆ ಬಂದ ಮೇಲೆ ಚಪ್ಪಲಿಯನ್ನು ಒಂದು ಸಲ ನೆಲಕ್ಕೆ ಉಜ್ಜಿ ನಿಂತ. ಚಿಕ್ಕತಾಯಮ್ಮನ ಬಾಯಿ ಜೋರು, ಗುರುತಿಲ್ಲದವರು ಬಂದರೆ ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಾಳೆ ಎಂದ.

“ಯಾರು ಅಂತ ಏಳ್ಲವ್ವ?”

ಆಫೀಸಿನವಳು ಎನ್ನಬಹುದಾಗಿತ್ತು. ಕೆಮಿಸ್ಟ್ ಎನ್ನಬಹುದಾಗಿತ್ತು. ಎರಡೂ ಸುಳ್ಳಲ್ಲ. ಲಾರಿಯೊಂದು ಹಸಿ ತೊಗಲು ಹೇರಿಕೊಂಡು ಹಾದುಹೋಯಿತು.

“ಇಳೀಬಹುದು ಅಂತ ಬರೆದುಕೊಟ್ಟವಳು ಅನ್ನು,” ಎಂದಳು.